ಕಸ ಎತ್ತದ ಊರಿನಿಂದ ಬಂದ ಮುಖವಾಡಗಳು

1975ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರಾಡಳಿತದ ಖಜಾನೆ ಬರಿದಾಗಿತ್ತು. ಜುಲೈ 1ಕ್ಕೆ ಸಾವಿರಾರು ನೌಕರರನ್ನು ಕೆಲಸದಿಂದ ತೆಗೆದರು, ಪೊಲೀಸರನ್ನೂ ಬಿಡಲಿಲ್ಲ. ಕಸ ಎತ್ತುವವರು ಸಿಟ್ಟಿಗೆದ್ದು ಗಾಡಿ ನಿಲ್ಲಿಸಿದರು. ಅದಕ್ಕೂ ಮೊದಲು, ಜೂನ್‌ನಲ್ಲಿ, ಪೊಲೀಸರ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಂಘಗಳೇ ಸೇರಿ ಪ್ರವಾಸಿಗರಿಗೆಂದು ‘ಭಯದ ನಗರಕ್ಕೆ ಸ್ವಾಗತ’ ಎಂಬ ಕರಪತ್ರ ಅಚ್ಚು ಹಾಕಿಸಿದ್ದವು. ಮುಖಪುಟದಲ್ಲಿ ತಲೆಬುರುಡೆ. ಸಂಜೆ ಆರರ ಮೇಲೆ ಬೀದಿಗೆ ಇಳಿಯಬೇಡಿ, ಸುರಂಗ ರೈಲನ್ನು ಯಾವ ಕಾರಣಕ್ಕೂ ಹತ್ತಬೇಡಿ ಎಂಬುದು ಒಳಗಿನ ಬುದ್ಧಿವಾದ. ಅದೇ ಬೇಸಿಗೆಯಲ್ಲಿ ಮಾರ್ಟಿನ್ ಸ್ಕೊರ್ಸೆಸಿ ಸುಮಾರು 19 ಲಕ್ಷ ಡಾಲರ್ ಬಜೆಟ್ ಇಟ್ಟುಕೊಂಡು ಅದೇ ಬೀದಿಗಳಲ್ಲಿ ‘ಟ್ಯಾಕ್ಸಿ ಡ್ರೈವರ್’ ಚಿತ್ರೀಕರಿಸುತ್ತಿದ್ದರು. ಊರು ನಾರುತ್ತಿದೆ ಎಂದು ತೋರಿಸಲು ಸೆಟ್ ಹಾಕುವ ಖರ್ಚು ಅವರಿಗೆ ಬೀಳಲಿಲ್ಲ.

ಇಂದು ‘ಡಾರ್ಕ್’ ಎಂದು ಕರೆಸಿಕೊಳ್ಳುವ ಸೂಪರ್‌ಹೀರೋ ಕಥೆಗಳ ಮೂಲ ಹುಡುಕುತ್ತ ಹೋದರೆ ಬಹಳಷ್ಟು ದಾರಿಗಳು ಈ ಬೇಸಿಗೆಯ ಆಸುಪಾಸಿಗೇ ಬಂದು ನಿಲ್ಲುತ್ತವೆ. ಆದರೆ ಆ ಸಿನಿಮಾಗಳಿಂದ ಕಾಮಿಕ್ಸ್ ಪಡೆದದ್ದು ಮಳೆ, ಹೊಗೆ, ಕಪ್ಪು ಕೋಟು ಅಂತ ತಿಳಿದವರು ಅರ್ಧ ಮಾತ್ರ ನೋಡಿದ್ದಾರೆ. ಮುಖ್ಯವಾಗಿ ದಕ್ಕಿದ್ದು ಎರಡು. ಊರು ಯಾಕೆ ಕೆಟ್ಟಿತು ಎಂಬ ಲೆಕ್ಕಪತ್ರ ಒಂದು. ಅದನ್ನು ಸರಿಮಾಡುತ್ತೇನೆಂದು ಹೊರಟವನ ಮೇಲೆ ಇಡಬೇಕಾದ ಸಂಶಯ ಇನ್ನೊಂದು. ಎರಡನೆಯದನ್ನು ಕೈಬಿಟ್ಟ ಕಥೆಗಳು ಹೇಗೆ ಹಳಸುತ್ತವೆ ಎಂಬುದಕ್ಕೂ ಸಾಕಷ್ಟು ಉದಾಹರಣೆಗಳಿವೆ.

ಮೊದಲು ಕ್ಯಾಮೆರಾ ಬೀದಿಗೆ ಬಂದದ್ದು ಹೇಗೆ ಎಂದು ನೋಡೋಣ. 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಚಿತ್ರೀಕರಣಕ್ಕೆಂದೇ ಪ್ರತ್ಯೇಕ ಕಚೇರಿ ತೆರೆದರು. ಅಲ್ಲಿಯತನಕ ಒಂದು ಬೀದಿಯಲ್ಲಿ ಕ್ಯಾಮೆರಾ ಇಡಬೇಕೆಂದರೆ ಹಲವು ಇಲಾಖೆಗಳ ಬಾಗಿಲು ತಟ್ಟಬೇಕಿತ್ತು. ಆಮೇಲೆ ಒಂದೇ ಪರವಾನಗಿ ಸಾಕಾಯಿತು. 1968ರಲ್ಲಿ ಹಾಲಿವುಡ್‌ನ ಹಳೆಯ ನೀತಿಸಂಹಿತೆ ಹೋಗಿ ವಯಸ್ಸಿನ ರೇಟಿಂಗ್ ಬಂತು. ಹೀಗೆ ಊರು ಹಾಳಾಗುತ್ತಿದ್ದ ವರ್ಷಗಳಲ್ಲೇ ಅದನ್ನು ತೋರಿಸುವ ಅನುಮತಿಯೂ ಸ್ವಾತಂತ್ರ್ಯವೂ ಒಟ್ಟಿಗೆ ಸಿಕ್ಕವು.

ತಂತ್ರದ ಪಾಲೂ ಇದೆ. 1971ರ ‘ದಿ ಫ್ರೆಂಚ್ ಕನೆಕ್ಷನ್’ ತೆಗೆದುಕೊಳ್ಳಿ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್, ಛಾಯಾಗ್ರಾಹಕ ಓವೆನ್ ರಾಯ್ಜ್‌ಮನ್. ಆಗಿನ ಕಲರ್ ಫಿಲ್ಮ್‌ನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, 100 ಎಎಸ್ಎ. ರಾತ್ರಿ ಬೀದಿದೀಪದ ಬೆಳಕಿಗೆ ಅದು ಸಾಲದು. ಹಾಗಾಗಿ ಕಡಿಮೆ ಬೆಳಕಿನಲ್ಲೇ ಶೂಟ್ ಮಾಡಿ, ಲ್ಯಾಬ್‌ನಲ್ಲಿ ಹೆಚ್ಚು ಹೊತ್ತು ಡೆವಲಪ್ ಮಾಡಿಸುವುದು. ಇದನ್ನೇ ‘ಪುಶ್’ ಮಾಡುವುದು ಎನ್ನುತ್ತಾರೆ. ಒಂದು ಸ್ಟಾಪ್ ಪುಶ್ ಮಾಡಿದರೆ 100 ಎಎಸ್ಎ ಫಿಲ್ಮು 200ರಂತೆ ಕೆಲಸ ಮಾಡುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಕಾಳುಕಾಳಾಗಿ ಕಾಣುವ ಗ್ರೇನ್, ಮಾಸಿದ ಕಪ್ಪು, ಚರ್ಮಕ್ಕೆ ಹತ್ತುವ ಹಳದಿ–ಹಸಿರು. ಸ್ಟುಡಿಯೋದವರ ಕಣ್ಣಿಗೆ ದೋಷವಾಗಿದ್ದದ್ದು ಪ್ರೇಕ್ಷಕರ ಕಣ್ಣಿಗೆ ಸತ್ಯವಾಗಿ ಕಂಡಿತು. ಬ್ರೂಕ್ಲಿನ್‌ನ ಎತ್ತರದ ರೈಲುಹಳಿಯ ಕೆಳಗಿನ ಆ ಹೆಸರಾಂತ ಕಾರ್ ಬೆನ್ನಟ್ಟುವಿಕೆಯಲ್ಲಿ ಬಂಪರ್‌ಗೆ ಕ್ಯಾಮೆರಾ ಕಟ್ಟಿದ್ದರು. ಕೆಲವು ಶಾಟ್‌ಗಳನ್ನು ಸೆಕೆಂಡಿಗೆ 24ರ ಬದಲು 18 ಫ್ರೇಮಿನಲ್ಲಿ ತೆಗೆದು ವೇಗ ಏರಿಸಿದ್ದರು. ಕಥೆಗೆ ಮೂಲವಾದ ನಿಜದ ಪೊಲೀಸರು, ಎಡ್ಡಿ ಈಗನ್ ಮತ್ತು ಸನ್ನಿ ಗ್ರಾಸೊ, ತೆರೆಯ ಮೇಲೂ ಬಂದರು. (ನಮ್ಮ ‘ಓಂ’ನಲ್ಲಿ ಉಪೇಂದ್ರ 1995ರಲ್ಲಿ ಬೆಂಗಳೂರಿನ ನಿಜ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ದು ನೆನಪಾದರೆ ತಪ್ಪಿಲ್ಲ. ಹಸಿವು ಒಂದೇ ಬಗೆಯದು.)

ಕಾಮಿಕ್ಸ್‌ಗೆ ಮಾತ್ರ ಈ ಸ್ವಾತಂತ್ರ್ಯ ತಡವಾಗಿ ಸಿಕ್ಕಿತು. ಪ್ರಕಾಶಕರೇ ಮಾಡಿಕೊಂಡಿದ್ದ ನೀತಿಸಂಹಿತೆಯಾದ 1954ರ ಕಾಮಿಕ್ಸ್ ಕೋಡ್ ಪ್ರಕಾರ ಪೊಲೀಸರು, ನ್ಯಾಯಾಧೀಶರು, ಅಧಿಕಾರಿಗಳ ಮೇಲಿನ ಗೌರವ ಕೆಡುವಂತೆ ಬರೆಯಬಾರದು. ಅಪರಾಧಿಯ ಮೇಲೆ ಕನಿಕರ ಹುಟ್ಟಬಾರದು. ಲಂಚಕೋರ ಪೊಲೀಸನಿಲ್ಲದೆ ನಗರದ ಅಪರಾಧ ಕಥೆ ಬರೆಯುವುದಾದರೂ ಹೇಗೆ? 1971ರಲ್ಲಿ ಮಾದಕವಸ್ತುವಿನ ಕಥೆಯಿದ್ದ ಸ್ಪೈಡರ್‌ಮ್ಯಾನ್‌ನ 96ರಿಂದ 98ನೇ ಸಂಚಿಕೆಗಳು ಕೋಡ್‌ನ ಮುದ್ರೆ ಇಲ್ಲದೆಯೇ ಹೊರಬಂದವು, ಅದೇ ವರ್ಷ ಕೋಡ್ ಸಡಿಲಾಯಿತು. ಪೂರ್ತಿ ಬಾಗಿಲು ತೆರೆದದ್ದು ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಹೆಚ್ಚಿದ ಮೇಲೆ. ಅಲ್ಲಿ ಕೋಡ್ ಮುದ್ರೆಯನ್ನು ಯಾರೂ ಕೇಳುತ್ತಿರಲಿಲ್ಲ. ಸಿನಿಮಾದ ಬೀದಿಗೂ ಕಾಮಿಕ್ಸ್‌ನ ಬೀದಿಗೂ ನಡುವೆ ಹತ್ತು ಹದಿನೈದು ವರ್ಷಗಳ ಅಂತರ ಬಿದ್ದದ್ದು ಹೀಗೆ. 1970ರ ದಶಕದ ಸಿನಿಮಾ ನೋಡುತ್ತ ಬೆಳೆದವರು 1980ರ ದಶಕದಲ್ಲಿ ಪೆನ್ಸಿಲ್ ಹಿಡಿದರು.

ಸಡಿಲಾದ ಕೋಡ್‌ನ ಸಂದಿಯಲ್ಲೇ ನುಸುಳಿದವನು, ಅಪರಾಧಿಗಳನ್ನು ತಾನೇ ಕೊಲ್ಲುತ್ತ ಹೋಗುವ ಪನಿಷರ್. 1974ರ ಫೆಬ್ರವರಿ ದಿನಾಂಕದ ಸ್ಪೈಡರ್‌ಮ್ಯಾನ್ 129ನೇ ಸಂಚಿಕೆಯಲ್ಲಿ ಜೆರ್ರಿ ಕಾನ್ವೇ ಬರೆದ ಪಾತ್ರ. ಎದೆಯ ಮೂಲೆಯಲ್ಲಿ ಕಾನ್ವೇ ಸಣ್ಣದಾಗಿ ಬರೆದಿದ್ದ ತಲೆಬುರುಡೆಯನ್ನು ಜಾನ್ ರೊಮಿಟಾ ಎದೆಪೂರ್ತಿ ಹಿಗ್ಗಿಸಿದರು. ‘ಡೆತ್ ವಿಶ್’ ಸಿನಿಮಾ ಬಂದದ್ದು ಆ ವರ್ಷದ ಜುಲೈನಲ್ಲಿ. ಆದ್ದರಿಂದ ಪನಿಷರ್ ಆ ಸಿನಿಮಾದ ನಕಲು ಎನ್ನುವುದು ತಪ್ಪು. ಅವನ ಹಿಂದೆ ಇದ್ದದ್ದು 1969ರಿಂದ ಬರುತ್ತಿದ್ದ ‘ಎಕ್ಸಿಕ್ಯೂಷನರ್’ ಎಂಬ ಅಗ್ಗದ ಕಾದಂಬರಿ ಸರಣಿ. ಇಬ್ಬರೂ ಉಸಿರಾಡಿದ ಗಾಳಿ ಮಾತ್ರ ಒಂದೇ.

‘ಡೆತ್ ವಿಶ್’ನ ಕಥೆಗೆ ಇನ್ನೊಂದು ತಿರುವಿದೆ. ಬ್ರಯನ್ ಗಾರ್ಫೀಲ್ಡ್ ಬರೆದ 1972ರ ಮೂಲ ಕಾದಂಬರಿ, ಬಂದೂಕು ಹಿಡಿದು ಸೇಡಿಗೆ ಹೊರಟ ಲೆಕ್ಕಿಗನೊಬ್ಬ ಹೇಗೆ ಒಳಗೊಳಗೇ ಕೊಳೆಯುತ್ತಾನೆ ಎಂಬುದನ್ನು ಹೇಳುತ್ತದೆ. ಸಿನಿಮಾ ಅವನನ್ನು ವಾಸ್ತುಶಿಲ್ಪಿ ಮಾಡಿತು, ಚಾರ್ಲ್ಸ್ ಬ್ರಾನ್ಸನ್ ಮುಖ ಕೊಟ್ಟಿತು, ಗುಂಡು ಹಾರಿದಾಗಲೆಲ್ಲ ಚಿತ್ರಮಂದಿರ ಚಪ್ಪಾಳೆ ಹೊಡೆಯುವಂತೆ ಕತ್ತರಿಸಿತು. ಬೇಸತ್ತ ಗಾರ್ಫೀಲ್ಡ್ 1975ರಲ್ಲಿ ಅದಕ್ಕೆ ಉತ್ತರವೆಂಬಂತೆ ಮುಂದಿನ ಕಾದಂಬರಿ ಬರೆದರು. ಇಲ್ಲಿಂದ ಎರಡು ಕವಲು. ‘ಡೆತ್ ವಿಶ್’ ಸೇಡು ತೀರಿಸುವವನ ಪಕ್ಕ ನಿಂತು ನೋಡುತ್ತದೆ. ‘ಟ್ಯಾಕ್ಸಿ ಡ್ರೈವರ್’ ಅವನ ತಲೆಯೊಳಗೇ ಕೂರುತ್ತದೆ, ಆದರೆ ಅವನನ್ನು ನಂಬುವುದಿಲ್ಲ. ಕೊನೆಗೆ ಪತ್ರಿಕೆಗಳು ಅದರ ನಾಯಕ, ಟ್ಯಾಕ್ಸಿ ಓಡಿಸುವ ಟ್ರ್ಯಾವಿಸ್‌ನನ್ನು ವೀರನೆಂದು ಹೊಗಳುವಾಗ ನಮಗೆ ಹೊಟ್ಟೆ ತೊಳಸಬೇಕು, ಅಷ್ಟೇ ಅದರ ಗುರಿ. ಇವತ್ತಿನ ಯಾವುದೇ ಡಾರ್ಕ್ ಸೂಪರ್‌ಹೀರೋ ಕಥೆ ಈ ಎರಡರಲ್ಲಿ ಯಾವ ಕವಲಿನದು ಎಂದು ಹತ್ತೇ ನಿಮಿಷದಲ್ಲಿ ಹೇಳಬಹುದು.

ಈಗ ಡೈರಿಯ ವಿಷಯಕ್ಕೆ ಬರೋಣ, ಯಾಕೆಂದರೆ ಇಡೀ ಪ್ರಭಾವದಲ್ಲಿ ಅತ್ಯಂತ ಸ್ಪಷ್ಟವಾಗಿ ಹಿಂಬಾಲಿಸಬಹುದಾದ ದಾರ ಇದೇ. ‘ಟ್ಯಾಕ್ಸಿ ಡ್ರೈವರ್’ ಚಿತ್ರಕಥೆಗಾರ ಪಾಲ್ ಶ್ರೇಡರ್ 1972ರಲ್ಲಿ ಓಝು, ಬ್ರೆಸನ್, ಡ್ರೇಯರ್ ಸಿನಿಮಾಗಳ ಬಗ್ಗೆ ಪುಸ್ತಕ ಬರೆದವರು. ರಾಬರ್ಟ್ ಬ್ರೆಸನ್‌ನ 1951ರ ಚಿತ್ರದಲ್ಲಿ ಹಳ್ಳಿಯ ಪಾದ್ರಿಯೊಬ್ಬ ಡೈರಿ ಬರೆಯುತ್ತಾನೆ, ಅದನ್ನೇ ನಾವು ಕೇಳುತ್ತೇವೆ. ಶ್ರೇಡರ್ ಆ ಡೈರಿಯನ್ನು ಪಾದ್ರಿಯ ಕೈಯಿಂದ ತೆಗೆದು ನಿದ್ದೆ ಬಾರದ ಮಾಜಿ ಸೈನಿಕನ ಕೈಗೆ ಕೊಟ್ಟರು. ಬರೆಯುವವನಿಗೆ ತಾನು ಶುದ್ಧ, ಊರು ಮಾತ್ರ ಹೊಲಸು ಎಂಬ ಭ್ರಮೆ. ಅವನ ಮಾತಿಗೂ ತೆರೆಯ ಮೇಲಿನ ದೃಶ್ಯಕ್ಕೂ ಹೊಂದಿಕೆಯಿಲ್ಲ, ಆ ಬಿರುಕಿನಲ್ಲೇ ಸಿನಿಮಾ ನಡೆಯುತ್ತದೆ.

1986ರಲ್ಲಿ ‘ವಾಚ್‌ಮೆನ್’ ಕಾಮಿಕ್ಸ್ ಶುರುವಾಗುವುದೂ ಡೈರಿಯಿಂದಲೇ. ಅದನ್ನು ಬರೆಯುವ ಮುಖವಾಡದ ನಾಯಕ ರೋರ್ಶಾಕ್‌ನ ಬರಹಕ್ಕೆ ಕಥೆಗಾರ ಆ್ಯಲನ್ ಮೂರ್ ಮಾದರಿಯಾಗಿ ಇಟ್ಟುಕೊಂಡದ್ದು 1977ರಲ್ಲಿ ‘ಸನ್ ಆಫ್ ಸ್ಯಾಮ್’ ಕೊಲೆಗಾರ ನ್ಯೂಯಾರ್ಕ್ ಪತ್ರಿಕೆಗೆ ಕಳಿಸಿದ್ದ ಪತ್ರವನ್ನು. ಪಾತ್ರದ ಬೇರು ಸ್ಟೀವ್ ಡಿಟ್ಕೊ ಸೃಷ್ಟಿಸಿದ ‘ಕ್ವೆಶ್ಚನ್’, ‘ಮಿಸ್ಟರ್ ಎ’ಗಳಲ್ಲಿದೆ. ಆದರೂ ಟ್ರ್ಯಾವಿಸ್‌ನ ಡೈರಿಯ ಪಕ್ಕ ಇಟ್ಟು ಓದಿದರೆ ಒಂದೇ ಗಲ್ಲಿಯವರು ಅನ್ನಿಸದೆ ಇರದು. ಚಿತ್ರಕಾರ ಡೇವ್ ಗಿಬನ್ಸ್ ಆ ಸಾಲುಗಳನ್ನು ಮಾಮೂಲಿ ಚೌಕದಲ್ಲಿ ಹಾಕಲಿಲ್ಲ. ಹರಿದ ಹಳದಿ ಕಾಗದದ ತುಣುಕಿನಂತೆ, ವಕ್ರ ಕೈಬರಹದಲ್ಲಿ ಬರೆದರು. ಇದರಿಂದ ಸಂಪ್ರದಾಯವೊಂದು ಮುರಿಯಿತು. ಹಳೆಯ ಕಾಮಿಕ್ಸ್‌ನಲ್ಲಿ ಚೌಕದೊಳಗಿನ ಮಾತು ನಿರೂಪಕನದ್ದು, ಅಂದರೆ ನಂಬಲೇಬೇಕಾದದ್ದು. ಈಗ ಅದು ಒಬ್ಬ ಮನುಷ್ಯನ ಮಾತು, ಅನುಮಾನಿಸಬಹುದಾದದ್ದು.

ಅದೇ ಕೆಲಸವನ್ನು 1987ರ ‘ಬ್ಯಾಟ್‌ಮ್ಯಾನ್: ಇಯರ್ ಒನ್’ ಇನ್ನೂ ಮೆಲ್ಲಗೆ ಮಾಡುತ್ತದೆ. ಅಕ್ಷರ ಬರೆದವರು ಟಾಡ್ ಕ್ಲೈನ್. ಪೊಲೀಸ್ ಅಧಿಕಾರಿ ಗಾರ್ಡನ್‌ನ ಆಲೋಚನೆಗೆ ಒಂದು ಕೈಬರಹ, ಬ್ಯಾಟ್‌ಮ್ಯಾನ್ ಆಗಲಿರುವ ಬ್ರೂಸ್‌ನ ಆಲೋಚನೆಗೆ ಇನ್ನೊಂದು. ಯಾರ ತಲೆಯಲ್ಲಿದ್ದೇವೆಂದು ಓದುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಡೈರಿ ತಂತ್ರ ಬಳಸುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಚಿತ್ರದಲ್ಲಿ ಆಗಲೇ ಇರುವುದನ್ನೇ ಡೈರಿಯಲ್ಲೂ ಹೇಳಿಸುತ್ತಾರೆ. ಮಳೆ ಬರುತ್ತಿರುವ ಚಿತ್ರ, ಮೇಲೆ ‘ಮಳೆ ಬರುತ್ತಿದೆ’ ಎಂಬ ಗಂಭೀರ ದನಿ. ಮಾತೂ ಚಿತ್ರವೂ ಜಗಳವಾಡದಿದ್ದರೆ ಡೈರಿ ದಂಡ.

‘ಇಯರ್ ಒನ್’ ಬರೆದ ಫ್ರಾಂಕ್ ಮಿಲ್ಲರ್ 1979ರಲ್ಲಿ 158ನೇ ಸಂಚಿಕೆಯಿಂದ ‘ಡೇರ್‌ಡೆವಿಲ್’ಗೆ ಚಿತ್ರ ಬರೆಯತೊಡಗಿದರು, 1981ರಲ್ಲಿ 168ನೇ ಸಂಚಿಕೆಯಿಂದ ಕಥೆಯೂ ಅವರದೇ. ಆ ಪುಟಗಳಲ್ಲಿ ನ್ಯೂಯಾರ್ಕ್ ತಾರಸಿಗಳ ಮರದ ನೀರಿನ ತೊಟ್ಟಿ, ತುಕ್ಕು ಹಿಡಿದ ಬೆಂಕಿ ಏಣಿ, ಸುರಂಗ ರೈಲಿನ ಕಂಬ ಎಲ್ಲವೂ ಕಥೆಯ ಕೆಲಸಕ್ಕೆ ಬರುತ್ತವೆ. ಆದರೆ ನನ್ನ ಲೆಕ್ಕದಲ್ಲಿ ಅವರ ಅತಿ ದೊಡ್ಡ ಕಲಿಕೆ 1986ರ ‘ಬಾರ್ನ್ ಅಗೇನ್’ (227ರಿಂದ 233ನೇ ಸಂಚಿಕೆ, ಚಿತ್ರ ಡೇವಿಡ್ ಮಾಜುಕೆಲ್ಲಿ). ವಕೀಲ ಮ್ಯಾಟ್ ಮರ್ಡಾಕ್‌ನೇ ಡೇರ್‌ಡೆವಿಲ್ ಎಂಬ ಗುಟ್ಟನ್ನು ಅವನ ಹಳೆಯ ಪ್ರೇಯಸಿ ಒಂದು ಡೋಸ್ ಹೆರಾಯಿನ್‌ಗೆ ಮಾರುತ್ತಾಳೆ. ಅದು ಊರಿನ ಅಪರಾಧಲೋಕದ ಒಡೆಯ ಕಿಂಗ್‌ಪಿನ್ ಕೈಸೇರುತ್ತದೆ. ಹಳೆಯ ಕಥೆಯಾಗಿದ್ದರೆ ಅವನು ರೋಬೋ ಒಂದನ್ನೋ ಬಣ್ಣದ ವೇಷದ ಕೊಲೆಗಾರನನ್ನೋ ಕಳಿಸುತ್ತಿದ್ದ. ಇಲ್ಲಿ ತೆರಿಗೆ ಇಲಾಖೆಯಿಂದ ಖಾತೆ ಸ್ಥಗಿತವಾಗುತ್ತದೆ, ಮನೆಸಾಲದ ಕಂತು ಕಟ್ಟಿಲ್ಲವೆಂದು ಬ್ಯಾಂಕ್ ಹೇಳುತ್ತದೆ, ಪೊಲೀಸನೊಬ್ಬ ಸುಳ್ಳುಸಾಕ್ಷಿ ನುಡಿಯುತ್ತಾನೆ, ವಕೀಲಿಕೆಯ ಸನದು ಹೋಗುತ್ತದೆ. ಕೊನೆಗೊಮ್ಮೆ ಮನೆ ಸ್ಫೋಟಿಸಿದಾಗಲೇ ಮ್ಯಾಟ್‌ಗೆ ಇದೆಲ್ಲ ಒಬ್ಬನ ಕೈಚಳಕ ಎಂದು ಹೊಳೆಯುವುದು. ಕಿಂಗ್‌ಪಿನ್ ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೆದ್ದಿರುತ್ತಿದ್ದ. ಹೊಡೆದಾಟದ ಶಕ್ತಿಯಿಂದ ಬಿಡಿಸಲಾಗದ ಗಂಟು ಇದು. ಸಾಲ, ನೋಟಿಸು, ಸಾಕ್ಷಿ: 1970ರ ದಶಕದ ನಗರ ಸಿನಿಮಾ ಕಟ್ಟಿದ್ದೇ ಈ ಸಾಮಗ್ರಿಯಿಂದ.

‘ಇಯರ್ ಒನ್’ಗೆ ಅದೇ ಜೋಡಿ. ಜನವರಿ 4ರಂದು ಗಾರ್ಡನ್ ರೈಲಿನಲ್ಲಿ, ಬ್ರೂಸ್ ವಿಮಾನದಲ್ಲಿ ಗಾಥಮ್‌ಗೆ, ಅಂದರೆ ಬ್ಯಾಟ್‌ಮ್ಯಾನ್‌ನ ಕಾಲ್ಪನಿಕ ಊರಿಗೆ, ಬರುತ್ತಾರೆ. ಲಂಚ ಮುಟ್ಟದ ಗಾರ್ಡನ್‌ಗೆ ಅವನದೇ ಇಲಾಖೆಯವರು ಮುಖ ಮುಚ್ಚಿಕೊಂಡು ಬೇಸ್‌ಬಾಲ್ ಬ್ಯಾಟಿನಿಂದ ಬಾರಿಸುತ್ತಾರೆ. ಲಂಚಕೋರ ಇಲಾಖೆಯಲ್ಲಿ ಒಂಟಿಯಾದ ಪ್ರಾಮಾಣಿಕ ಪೊಲೀಸನ ಕಥೆಯಾದ 1973ರ ‘ಸರ್ಪಿಕೊ’ ನೋಡಿದವರಿಗೆ ಈ ಠಾಣೆಯ ವಾಸನೆ ಗುರುತು ಸಿಗುತ್ತದೆ. ಬ್ರೂಸ್‌ನ ಮೊದಲ ರಾತ್ರಿಯಂತೂ ಪೂರ್ತಿ ಎಡವಟ್ಟು. ಮುಖಕ್ಕೆ ಕಲೆ ಅಂಟಿಸಿಕೊಂಡು ವೇಶ್ಯಾವಾಟಿಕೆಯ ಬೀದಿಗೆ ಹೋಗುತ್ತಾನೆ, ಹುಡುಗಿಯೊಬ್ಬಳನ್ನು ಕಾಪಾಡಲು ನೋಡುತ್ತಾನೆ, ಆ ಹುಡುಗಿಯೇ ಅವನ ತೊಡೆಗೆ ಚೂರಿ ಹಾಕುತ್ತಾಳೆ, ಪೊಲೀಸರು ಗುಂಡು ಹಾರಿಸುತ್ತಾರೆ. ‘ಟ್ಯಾಕ್ಸಿ ಡ್ರೈವರ್’ನ ಕೇಂದ್ರದಲ್ಲಿರುವ ‘ಕಾಪಾಡುವ’ ಕನಸನ್ನು ಮಿಲ್ಲರ್ ಕೆಲವೇ ಪುಟಗಳಲ್ಲಿ ಮಗುಚಿ ಹಾಕಿದರು.

ಮುದ್ರಣದ ಮಿತಿಯನ್ನು ಹೇಳದೆ ಈ ಕಾಲವನ್ನು ದಾಟುವಂತಿಲ್ಲ. ಆಗಿನ ಮಾಮೂಲಿ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ನ್ಯೂಸ್‌ಪ್ರಿಂಟ್ ಮೇಲೆ. ಕಪ್ಪನ್ನು ಬಿಟ್ಟರೆ ಮೂರು ಶಾಯಿ, ಒಂದೊಂದಕ್ಕೂ ಖಾಲಿಯೂ ಸೇರಿ ನಾಲ್ಕು ಹಂತ, ಒಟ್ಟು 64 ಬಣ್ಣ. ಶಾಯಿ ಹರಡುತ್ತದೆ, ಗಾಢ ಬಣ್ಣಗಳನ್ನು ಬೆರೆಸಿದರೆ ಕೆಸರಾಗುತ್ತದೆ. ಫಿಲ್ಮ್ ಪುಶ್ ಮಾಡಿ ಪಡೆಯುತ್ತಿದ್ದ ಮಾಸಲು ರಾತ್ರಿಯನ್ನು ಇದರಲ್ಲಿ ತರುವುದು ಕಷ್ಟ. ಬಣ್ಣಗಾರ್ತಿ ರಿಚ್ಮಂಡ್ ಲೂಯಿಸ್ ‘ಇಯರ್ ಒನ್’ಗೆ ಮಂಕು ಕಂದು, ಬೂದು, ಮಾಸಿದ ಹಳದಿಗಳನ್ನೇ ಹಿಡಿದು ಆ ಮಿತಿಯೊಳಗೇ ಗೆದ್ದರು, ಪುಸ್ತಕರೂಪಕ್ಕೆ ಒಳ್ಳೆಯ ಕಾಗದ ಸಿಕ್ಕಾಗ ಮತ್ತೆ ಹೊಸದಾಗಿ ಬಣ್ಣ ಹಾಕಿದರು. ಮಿಲ್ಲರ್‌ನದೇ ಬ್ಯಾಟ್‌ಮ್ಯಾನ್ ಕಥೆ, 1986ರ ‘ಡಾರ್ಕ್ ನೈಟ್ ರಿಟರ್ನ್ಸ್’ಗೆ ಮೊದಲೇ ದಪ್ಪ ಕಾಗದ, ಚೌಕ ಬೆನ್ನಿನ ಕಟ್ಟು, 2.95 ಡಾಲರ್ ಬೆಲೆ. ಹಾಗಾಗಿ ಲಿನ್ ವಾರ್ಲಿಗೆ ಬಣ್ಣವನ್ನು ನಿಜವಾಗಿ ಕುಂಚದಲ್ಲೇ ಬಳಿಯಲು ಸಾಧ್ಯವಾಯಿತು.

ಅದರ ಪುಟವಿನ್ಯಾಸವೂ ಹಾಗೆಯೇ, ಬೀದಿಯ ಗದ್ದಲಕ್ಕೆಂದೇ ಮಾಡಿದ್ದು. ಪುಟಕ್ಕೆ ನಾಲ್ಕು ಸಾಲು ನಾಲ್ಕು ಕಂಬ, ಹದಿನಾರು ಚೌಕ. ಬೇಕಾದಾಗ ನಾಲ್ಕು ಚೌಕ ಸೇರಿಸಿ ಒಂದು ಮಾಡಬಹುದು, ಇಡೀ ಪುಟವನ್ನೇ ಒಂದು ಚಿತ್ರಕ್ಕೆ ಬಿಡಬಹುದು. ಸಣ್ಣ ಚೌಕಗಳಲ್ಲಿ ಟೀವಿ ನಿರೂಪಕರು, ತಜ್ಞರು, ದಾರಿಹೋಕರು ಬ್ಯಾಟ್‌ಮ್ಯಾನ್ ಸರಿಯೋ ತಪ್ಪೋ ಎಂದು ಕಚ್ಚಾಡುತ್ತಾರೆ. 1984ರ ಡಿಸೆಂಬರ್ 22ರಂದು ಬರ್ನಾರ್ಡ್ ಗೋಟ್ಸ್ ಎಂಬಾತ ನ್ಯೂಯಾರ್ಕ್ ಸುರಂಗ ರೈಲಿನಲ್ಲಿ ನಾಲ್ವರು ಯುವಕರ ಮೇಲೆ ಗುಂಡು ಹಾರಿಸಿದ್ದ. ಆಮೇಲೆ ಟೀವಿಯಲ್ಲಿ ನಡೆದ ವಾದ ಇದೇ ಬಗೆಯದು. ಮಿಲ್ಲರ್‌ನ ಬ್ಯಾಟ್‌ಮ್ಯಾನ್ ಕೆಲವೊಮ್ಮೆ ಬ್ರಾನ್ಸನ್ ಕಡೆಗೆ ವಾಲುತ್ತಾನೆ, ನಿಜ. ಆ ಟೀವಿ ಚೌಕಗಳು ಅವನನ್ನು ಹಿಂದಕ್ಕೆ ಎಳೆಯುತ್ತವೆ. ಅವುಗಳನ್ನು ಕಿತ್ತು ಉಳಿದದ್ದನ್ನು ನಕಲು ಮಾಡಿದವರಿಂದಲೇ 1990ರ ದಶಕದ ಹಲ್ಲುಕಡಿಯುವ, ಜೇಬುಗಳೇ ತುಂಬಿದ ಉಡುಪಿನ ನಾಯಕರ ಹಿಂಡು ಹುಟ್ಟಿದ್ದು.

ತೆರೆಗೆ ಬಂದ ಬ್ಯಾಟ್‌ಮ್ಯಾನ್ ಮೊದಲು ಈ ದಾರಿ ಹಿಡಿಯಲಿಲ್ಲ. 1989ರ ಟಿಮ್ ಬರ್ಟನ್ ಚಿತ್ರಕ್ಕೆ ಆಂಟನ್ ಫರ್ಸ್ಟ್ ಪೈನ್‌ವುಡ್‌ನಲ್ಲಿ ಕಟ್ಟಿದ ಗಾಥಮ್ ಅದ್ಭುತ. ಆದರೆ ಅದರ ತವರು ಜರ್ಮನ್ ಅಭಿವ್ಯಕ್ತಿವಾದ. ಕ್ರಿಸ್ಟೋಫರ್ ನೋಲನ್ 2008ರ ‘ದಿ ಡಾರ್ಕ್ ನೈಟ್’ನಲ್ಲಿ ಗಾಥಮ್ ಆಗಿ ತೋರಿಸಿದ ಷಿಕಾಗೋವನ್ನು ಷಿಕಾಗೋ ಹಾಗೆಯೇ ಬಿಟ್ಟರು, ಲಸಾಲ್ ಬೀದಿಯಲ್ಲಿ ನಿಜವಾದ ಟ್ರಕ್ಕನ್ನೇ ಮಗುಚಿದರು. ಅವರು ಮುಚ್ಚಿಡದೆ ಸ್ಮರಿಸುವುದು ಮೈಕಲ್ ಮಾನ್‌ನ 1995ರ ‘ಹೀಟ್’ ಅನ್ನು. ಅಲ್ಲಿ ಕಪ್ಪುಹಣ ತೊಳೆಯುವವನಾಗಿದ್ದ ವಿಲಿಯಂ ಫಿಕ್ಟ್‌ನರ್ ಇಲ್ಲಿ ದರೋಡೆಯಾಗುವ ಬ್ಯಾಂಕಿನ ಮ್ಯಾನೇಜರ್. ‘ಹೀಟ್’ನಿಂದ ಕಲಿತದ್ದು ದೃಶ್ಯಕ್ಕಿಂತ ಹೆಚ್ಚಾಗಿ ಕಥೆಯ ಹರವು: ಕಳ್ಳ, ಪೊಲೀಸ್, ವಕೀಲ, ಬ್ಯಾಂಕು, ಎಲ್ಲರೂ ಒಂದೇ ಊರಿನ ಹಣದ ಸರಪಳಿಯಲ್ಲಿರುವುದು.

2019ರ ‘ಜೋಕರ್’ ಸಾಲವನ್ನು ಬಹಿರಂಗವಾಗಿಯೇ ಘೋಷಿಸಿತು. 1981ರ ಗಾಥಮ್, ಕಸದ ಮುಷ್ಕರ, ರೈಲಿನಲ್ಲಿ ಮೂವರ ಮೇಲೆ ಗುಂಡು, ಟೀವಿ ನಿರೂಪಕನಾಗಿ ಸ್ವತಃ ‘ಟ್ಯಾಕ್ಸಿ ಡ್ರೈವರ್’ನ ನಾಯಕನಟ ರಾಬರ್ಟ್ ಡಿ ನಿರೋ. ಸಂಯೋಜಕಿ ಹಿಲ್ದುರ್ ಗುಡ್ನಾದೊತ್ತಿರ್ ಚಿತ್ರೀಕರಣಕ್ಕೆ ಮೊದಲೇ ಚೆಲ್ಲೋ ಸಂಗೀತ ಬರೆದು ಕಳಿಸಿದ್ದರು, ಶೌಚಾಲಯದ ಕುಣಿತ ಹುಟ್ಟಿದ್ದು ಅದನ್ನು ಸೆಟ್ಟಿನಲ್ಲಿ ಹಾಕಿದಾಗ. ಚಿತ್ರದ ಅತ್ಯುತ್ತಮ ದೃಶ್ಯ ಮಾತ್ರ ರಕ್ತವಿಲ್ಲದ್ದು. ಸಮಾಜಸೇವಾ ಕಚೇರಿಯ ಹೆಂಗಸು, ಅನುದಾನ ಕಡಿತವಾಗಿದೆ, ಇನ್ನು ಭೇಟಿಯೂ ಇಲ್ಲ ಔಷಧಿಯೂ ಇಲ್ಲ ಎನ್ನುತ್ತಾಳೆ. 1975ರ ನ್ಯೂಯಾರ್ಕ್ ಅಷ್ಟೂ ಆ ಮೇಜಿನ ಮೇಲಿದೆ. ಚಿತ್ರ ಜಾರುವುದು ಕೊನೆಯ ಭಾಗದಲ್ಲಿ. ಜೋಕರ್ ಆಗಿ ಬದಲಾಗುವ ಆರ್ಥರ್‌ನನ್ನು ಅನುಮಾನಿಸುತ್ತಿದ್ದ ಕ್ಯಾಮೆರಾ ಮೆಟ್ಟಿಲ ಮೇಲೆ ಅವನ ಜೊತೆ ಕುಣಿಯತೊಡಗುತ್ತದೆ.

ಒಂದು ವಿಚಿತ್ರವೆಂದರೆ ಕೊಳಕನ್ನು ಕೊಟ್ಟ ಆ ಊರು ಈಗಿಲ್ಲ. 1990ರಲ್ಲಿ 2,245 ಕೊಲೆ ಕಂಡಿದ್ದ ನ್ಯೂಯಾರ್ಕ್‌ನಲ್ಲಿ ಈಗ ಆ ಸಂಖ್ಯೆ ಕೆಲವು ನೂರಕ್ಕೆ ಇಳಿದಿದೆ. ‘ಜೋಕರ್’ ತಂಡ ಹಳೆಯ ಬೀದಿಗಳಿಗಾಗಿ ನೂವಾರ್ಕ್‌ಗೂ ಹೋಯಿತು, 2022ರ ‘ದಿ ಬ್ಯಾಟ್‌ಮ್ಯಾನ್’ ಲಿವರ್‌ಪೂಲ್, ಗ್ಲಾಸ್ಗೋಗಳಿಗೆ. 2015ರ ‘ಡೇರ್‌ಡೆವಿಲ್’ ಧಾರಾವಾಹಿಗಂತೂ ಫ್ಲ್ಯಾಟ್ ಬೆಲೆ ಗಗನಕ್ಕೇರಿದ್ದ ನ್ಯೂಯಾರ್ಕ್‌ನ ಹೆಲ್ಸ್ ಕಿಚನ್ ಬಡಾವಣೆಯನ್ನು ಮತ್ತೆ ಬಡ ಬೀದಿ ಮಾಡಲು ಅನ್ಯಗ್ರಹದವರ ದಾಳಿಯೇ ಬೇಕಾಯಿತು! ಅದರ ಎರಡನೇ ಕಂತಿನ ಕಾರಿಡಾರ್ ಹೊಡೆದಾಟವನ್ನು ಎಲ್ಲರೂ ಕಡಿತವಿಲ್ಲದ ಶಾಟ್‌ಗಾಗಿ ಹೊಗಳುತ್ತಾರೆ. ನೋಡಬೇಕಾದದ್ದು ಬೇರೆ. ನಾಯಕ ಗೋಡೆಗೆ ಒರಗಿ ಏದುಸಿರು ಬಿಡುತ್ತಾನೆ, ಹೊಡೆತ ತಿಂದವರು ಮತ್ತೆ ಏಳುತ್ತಾರೆ. ನಕಲು ಮಾಡಿದವರು ಉದ್ದದ ಶಾಟ್ ತಂದರು, ದಣಿವನ್ನು ಬಿಟ್ಟರು.

ಮ್ಯಾಟ್ ರೀವ್ಸ್‌ನ ‘ದಿ ಬ್ಯಾಟ್‌ಮ್ಯಾನ್’ ಎರಡೂ ದಾರಗಳನ್ನು ಸೇರಿಸಿ ಹೊಸೆಯುತ್ತದೆ. ಆರಂಭದಲ್ಲೇ ಡೈರಿಯ ದನಿ. ಛಾಯಾಗ್ರಾಹಕ ಗ್ರೇಗ್ ಫ್ರೇಸರ್ ಡಿಜಿಟಲ್‌ನಲ್ಲಿ ತೆಗೆದದ್ದನ್ನು ಫಿಲ್ಮ್‌ಗೆ ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿಸಿದರು. ರಾಯ್ಜ್‌ಮನ್‌ಗೆ ಅನಿವಾರ್ಯವಾಗಿದ್ದ ಗ್ರೇನ್ ಅನ್ನು ಇವರು ಬೇಕೆಂದೇ ಬರಿಸಿಕೊಂಡರು. ಕಾರ್ ಬೆನ್ನಟ್ಟುವಿಕೆಯಲ್ಲಿ ಕ್ಯಾಮೆರಾ ಮತ್ತೆ ವಾಹನದ ಮೈಗೆ ಅಂಟಿಕೊಂಡಿದೆ. ರಹಸ್ಯದ ಬುಡದಲ್ಲಿ ಇರುವುದು ಊರಿನ ಪುನರುಜ್ಜೀವನಕ್ಕೆಂದು ಇಟ್ಟು ನುಂಗಿಹಾಕಿದ ನಿಧಿ. ಕೊನೆಯಲ್ಲಿ ಸಿಕ್ಕಿಬಿದ್ದ ದಾಳಿಕೋರನನ್ನು ನೀನು ಯಾರೆಂದು ಕೇಳಿದರೆ, ಅವನು ಬ್ಯಾಟ್‌ಮ್ಯಾನ್ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಮಾತನ್ನೇ ಹೇಳುತ್ತಾನೆ: ತಾನೇ ಸೇಡು ಎಂದು. ಟ್ರ್ಯಾವಿಸ್‌ಗೆ ಎಂದೂ ಎದುರಾಗದ ಕನ್ನಡಿ ಬ್ರೂಸ್‌ಗೆ ಎದುರಾಗುತ್ತದೆ.

ಪನಿಷರ್‌ನ ತಲೆಬುರುಡೆಗೆ ಆ ಕನ್ನಡಿ ಸಿಗಲಿಲ್ಲ. ಅಮೆರಿಕದ ಪೊಲೀಸರೂ ಸೈನಿಕರೂ ಅದನ್ನು ಗಾಡಿಗೆ, ಕವಚಕ್ಕೆ ಅಂಟಿಸಿಕೊಂಡರು. ಕೊನೆಗೆ 2019ರ ಸಂಚಿಕೆಯೊಂದರಲ್ಲಿ ಪನಿಷರ್‌ನೇ ಆ ಸ್ಟಿಕರ್ ಹರಿದು ಪೊಲೀಸರನ್ನು ಗದರಿಸುವಂತೆ ಬರೆಯಬೇಕಾಯಿತು. ಕಥೆಯೊಳಗೆ ಇಡದ ಸಂಶಯವನ್ನು ಕಥೆಯ ಹೊರಗೆ ನಿಂತು ಹೇಳುವುದು ಎಷ್ಟು ಕಷ್ಟ ನೋಡಿ.

ಇತ್ತ 2024ರ ‘ದಿ ಪೆಂಗ್ವಿನ್’ ಧಾರಾವಾಹಿ ಪ್ರವಾಹದಲ್ಲಿ ಮುಳುಗೆದ್ದ ಗಾಥಮ್‌ನಲ್ಲಿ ನಡೆಯುತ್ತದೆ. ವಿದ್ಯುತ್ತಿಲ್ಲದ ಬಡ ಬಡಾವಣೆ, ಮಾದಕವಸ್ತು ಬೆಳೆಸುವ ಸುರಂಗ, ನಗರಸಭೆಯ ಜೊತೆ ಚೌಕಾಸಿ, ತಾಯಿಯ ಮುಂದೆ ಕುಗ್ಗುವ ರೌಡಿ. ಎಂಟು ಕಂತುಗಳಲ್ಲಿ ಬ್ಯಾಟ್‌ಮ್ಯಾನ್ ಒಮ್ಮೆಯೂ ಮುಖ ತೋರಿಸುವುದಿಲ್ಲ, ಅವನಿಲ್ಲವೆಂದು ಕಥೆಗೆ ಏನೂ ಕೊರತೆಯಾಗುವುದೂ ಇಲ್ಲ.